ಎರಡೂ 256, ಇನ್ನೇನ್ರೀ ನೋಡೋದು?

ನಮ್ಮ ಪರ್ಚೇಸ್ ರಾಯರು ಎಕ್ಸೆಲ್ ಹಾಳೆಯಲ್ಲೇ ಸಂಬಂಧ ಕುದುರಿಸುವವರು. ನಾವು ಪೀಣ್ಯದಲ್ಲಿ ಹಾಲಿನ ಡೇರಿಗಳಿಗೆ ತೂಕದ ಯಂತ್ರ ಮಾಡುವ ಬಡಪಾಯಿಗಳು. 2021ರ ಚಿಪ್ ಬರಗಾಲದಲ್ಲಿ ನಮ್ಮ ಯಂತ್ರದೊಳಗಿದ್ದ ಎಸ್‌ಟಿಎಂ32 ಎಫ್103 ಮೈಕ್ರೋಕಂಟ್ರೋಲರ್ ಬೆಲೆ ಚಿನ್ನದ ಜೊತೆ ಪೈಪೋಟಿಗೆ ಬಿದ್ದಾಗ, ಅದೆಲ್ಲಿಂದಲೋ ಎಫ್401 ಎಂಬ ಹೊಸ ವರನನ್ನು ಹುಡುಕಿ ತಂದರು. ಕಾಲುಗಳು ಅದಕ್ಕೂ 64, ಇದಕ್ಕೂ 64. ವೇಗ 72 ಮೆಗಾಹರ್ಟ್ಸ್ ಇದ್ದದ್ದು 84. ರ‍್ಯಾಮ್ 48 ಕೆಬಿ ಇದ್ದದ್ದು 64. ಫ್ಲ್ಯಾಶ್ ಮೆಮೊರಿ ಅಲ್ಲೂ 256 ಕೆಬಿ, ಇಲ್ಲೂ 256 ಕೆಬಿ. ಹಾಳೆಯ ತುಂಬ ಹಸಿರು ಬಣ್ಣ. ಮೂವತ್ತಾರಕ್ಕೆ ಮೂವತ್ತಾರು ಗುಣವೂ ಕೂಡಿಬಂದ ಜಾತಕ ಮಡಚುವ ಜೋಯಿಸರ ಹಾಗೆ ರಾಯರು ಲ್ಯಾಪ್‌ಟಾಪ್ ಮಡಚಿದರು.

‘ಫ್ಲ್ಯಾಶ್ ಒಳಗಡೆ ಹೇಗಿದೆ ಅಂತ ನೋಡಬೇಕಿತ್ತು ಸಾರ್’ ಅಂದೆ.

‘ಎರಡೂ 256, ಇನ್ನೇನ್ರೀ ನೋಡೋದು?’

ನೋಡುವುದು ಇತ್ತು. ಫ್ಲ್ಯಾಶ್ ಎಂದರೆ ಒಂದನೇ ಕ್ಲಾಸಿನ ಸ್ಲೇಟು. ಬರೆಯುವುದು ಸಲೀಸು, ಆದರೆ ತಪ್ಪಾದ ಒಂದಕ್ಷರವನ್ನು ಮಾತ್ರ ಉಗುಳು ಹಚ್ಚಿ ಒರೆಸುವ ಸೌಲಭ್ಯ ಇದರಲ್ಲಿಲ್ಲ. ಒಂದನ್ನು ಸೊನ್ನೆ ಮಾಡಬಹುದು. ಸೊನ್ನೆಯನ್ನು ಮತ್ತೆ ಒಂದು ಮಾಡಬೇಕಾದರೆ ಇಡೀ ಸ್ಲೇಟನ್ನೇ ಒರೆಸಬೇಕು. 1984ರಲ್ಲಿ ತೋಷಿಬಾದ ಫುಜಿಯೊ ಮಸುಒಕಾ ಇದನ್ನು ಲೋಕಕ್ಕೆ ತೋರಿಸಿದರು. ಹೆಸರಿಟ್ಟದ್ದು ಅವರ ಸಹೋದ್ಯೋಗಿ: ಇಡೀ ಭಾಗ ಒಮ್ಮೆಗೇ ಅಳಿಯುವುದು ಕ್ಯಾಮೆರಾದ ಫ್ಲ್ಯಾಶ್ ಹೊಡೆದಂತಿದೆ ಎಂದು. ಅಂದರೆ ನಾಮಕರಣದ ದಿನವೇ ಈ ಕೂಸಿಗೆ ಅಳಿಸುವವನು ಎಂದು ಕಿವಿಯಲ್ಲಿ ಹೇಳಿಯಾಗಿದೆ. ನಾವು ಮಾತ್ರ ಅದು ಎಷ್ಟು ನೆನಪಿಡುತ್ತದೆ ಎಂದಷ್ಟೇ ಕೇಳುತ್ತೇವೆ, ಎಷ್ಟೆಷ್ಟು ಮರೆಯುತ್ತದೆ ಎಂದು ಕೇಳುವುದಿಲ್ಲ.

ಹಳೆಯ ಎಫ್103 ಎರಡೆರಡು ಕೆಬಿಯ 128 ಪುಟ್ಟ ಸ್ಲೇಟುಗಳ ಮನೆ. ಒಂದನ್ನು ಒರೆಸಲು ಹೆಚ್ಚೆಂದರೆ 40 ಮಿಲಿಸೆಕೆಂಡು. ಹೊಸ ಎಫ್401ರಲ್ಲಿ ಇರುವುದೇ ಆರು, ಮ್ಯಾನ್ಯುಯಲ್ ಭಾಷೆಯಲ್ಲಿ ಸೆಕ್ಟರು. 16 ಕೆಬಿಯವು ನಾಲ್ಕು, 64ರದ್ದು ಒಂದು, ಕೊನೆಗೆ 128ರದ್ದೊಂದು. ಕೂಡಿಸಿದರೆ ಖಂಡಿತ 256, ರಾಯರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕೊನೆಯದು ಸ್ಲೇಟಲ್ಲ, ಹೈಸ್ಕೂಲಿನ ಗೋಡೆಯ ಕರಿಹಲಗೆ. ಒರೆಸಿ ಮುಗಿಸಲು ಒಂದರಿಂದ ಎರಡು ಸೆಕೆಂಡು. ಅಷ್ಟು ಹೊತ್ತೂ 84 ಮೆಗಾಹರ್ಟ್ಸಿನ ಆ ಪ್ರೊಸೆಸರ್ ಮುಂದಿನ ಆಜ್ಞೆಯನ್ನು ಅದೇ ಫ್ಲ್ಯಾಶಿನಿಂದ ಓದಬೇಕಾದ್ದರಿಂದ ಹದಿನಾರು ಕೋಟಿ ಚಿಲ್ಲರೆ ಮಿಡಿತಗಳನ್ನು ಕೈಕಟ್ಟಿ ಕಳೆಯಬಹುದು. ಸರ್ವರ್ ಡೌನ್ ಆದ ತಾಲ್ಲೂಕು ಕಚೇರಿ ನೆನೆಸಿಕೊಳ್ಳಿ.

ಇದ್ಯಾವುದೂ ಗುಟ್ಟಲ್ಲ. ಚಿಪ್ ಮಾಡಿದವರು ಮ್ಯಾನ್ಯುಯಲ್‌ನಲ್ಲಿ ಕೋಷ್ಟಕ ಹಾಕಿ ಅಚ್ಚು ಮಾಡಿದ್ದಾರೆ. ಮ್ಯಾನ್ಯುಯಲ್ ಓದುವ ಕೆಲಸವನ್ನು ಮಾತ್ರ ನಮ್ಮಲ್ಲಿ ಯಾರಿಗೂ ಹಂಚಿರಲಿಲ್ಲ.

ಹಳೆಯ ಯಂತ್ರದಲ್ಲಿ ಹಾಲಿನ ದರ, ಕ್ಯಾಲಿಬ್ರೇಶನ್ ಎಲ್ಲ ಕಟ್ಟಕಡೆಯ 2 ಕೆಬಿಯಲ್ಲಿ ಕೂತಿರುತ್ತಿತ್ತು. ಹೊಸದರಲ್ಲೂ ವಿಳಾಸ ಅದೇ ಇರಲಿ ಎಂದಾಯಿತು. ‘ಈ ವಿಳಾಸ ಇರುವ ಸೆಕ್ಟರನ್ನು ಅಳಿಸಿ ಹೊಸ ದರ ಬರೆ’ ಎಂಬ ಅರ್ಥ ಬರುವಂತೆ ನಮ್ಮ ಹುಡುಗ ಕೋಡನ್ನು ನಿಷ್ಠೆಯಿಂದ ತಿದ್ದಿದ. ಲ್ಯಾಬಿನಲ್ಲಿ ನಡೆಯಿತು. ಪ್ರೋಗ್ರಾಂ ಆಗ ಇದ್ದದ್ದು 110 ಕೆಬಿ, ಆ ಕರಿಹಲಗೆಯ ತನಕ ಬಂದೇ ಇರಲಿಲ್ಲ. ಆಮೇಲೆ ಮಾರ್ಕೆಟಿಂಗ್‌ನವರಿಗೆ ಪರದೆಯ ಮೇಲೆ ಕನ್ನಡ ಬೇಕೆನಿಸಿತು. ಒತ್ತಕ್ಷರ ಗಿತ್ತಕ್ಷರ ಎಲ್ಲ ಸೇರಿ ಪ್ರೋಗ್ರಾಂ 150 ಕೆಬಿ ಆಯಿತು. ಮೊದಲ 128 ಐದು ಸೆಕ್ಟರುಗಳಲ್ಲಿ ಹಿಡಿಸಿತು. ಮಿಕ್ಕ 22 ಹೋಗಿ ಕೂತದ್ದು ದರದ ಪಕ್ಕದಲ್ಲಿ, ಒಂದೇ ಕರಿಹಲಗೆಯ ಮೇಲೆ.

ಹಾಲಿನ ದರ ಏರಿದ ದಿನ ಮಂಡ್ಯದ ಕಡೆಯ ಡೇರಿಯ ಕಾರ್ಯದರ್ಶಿ ಫೋನ್ ಮಾಡಿದರು. ‘ಸಾ, ಹೊಸಾ ರೇಟ್ ಹಾಕಿ ಸೇವ್ ಒತ್ತುದೆ. ಮಿಷಿನ್ನು ಒಂದ್ಗಳಿಗೆ ಉಸ್ರೇ ಬುಡ್ನಿಲ್ಲ. ಆಮೇಲ್ ನೋಡುದ್ರೆ ಅಕ್ಸರ ಎಲ್ಲಾ ಹೋಗಿ ಬರೀ ಕರೀ ಡಬ್ಬ ಕುಂತವೆ.’

ಸರಿಯಾಗಿಯೇ ನೋಡಿದ್ದರು. ಅಳಿಸಿದ ಫ್ಲ್ಯಾಶ್ ಓದಿದರೆ ಎಲ್ಲ ಒಂದು, ಎಲ್ಲ ಒಂದಾದರೆ ಪ್ರತಿ ಚುಕ್ಕೆಯೂ ಕಪ್ಪು. ಒಂದು ರೂಪಾಯಿ ದರ ತಿದ್ದಲು ಹೋಗಿ ಯಂತ್ರ ಕನ್ನಡವನ್ನೇ ಮರೆತಿತ್ತು. ಇನ್ನೊಂದು ಊರಿನಲ್ಲಿ ವಾಚ್‌ಡಾಗ್ ಕೈ ಹಾಕಿತು, ಅಲ್ಲ, ಬಾಯಿ ಹಾಕಿತು. ಇದು ಯಂತ್ರ ಮೈಮರೆತರೆ ಕಚ್ಚಿ ಎಬ್ಬಿಸಲೆಂದು ಸಾಕಿದ ನಾಯಿ. ಒಂದು ಸೆಕೆಂಡಿನೊಳಗೆ ಬಿಸ್ಕತ್ತು ಬೀಳಬೇಕು. ಅಳಿಸುವ ಕೆಲಸ ಅರ್ಧದಲ್ಲಿರುವಾಗಲೇ ಅದು ಕಚ್ಚಿತು. ಯಂತ್ರ ಎದ್ದು, ಅರೆಬರೆ ಅಳಿದದ್ದನ್ನು ಕಂಡು ಮತ್ತೆ ಅಳಿಸಲು ಹೊರಟಿತು. ನಾಯಿ ಮತ್ತೆ ಕಚ್ಚಿತು. ರಾತ್ರಿಯಿಡೀ ಇದೇ ನಡೆದು, ಬೆಳಗಿನ ಹಾಲನ್ನು ಹಳೇ ಲೀಟರ್ ಮಾಪಿನಲ್ಲಿ ಅಳೆದರಂತೆ.

ತುರ್ತು ಮೀಟಿಂಗ್ ಕರೆದರು. ನಾನು ಆರು ಸೆಕ್ಟರುಗಳ ಚಿತ್ರ ಬರೆದು ತೋರಿಸಿದೆ. ದರವನ್ನು 16 ಕೆಬಿಯ ಸೆಕ್ಟರಿಗೆ ಸಾಗಿಸೋಣ, ಲಿಂಕರ್ ಸ್ಕ್ರಿಪ್ಟ್ ತಿದ್ದಿದರೆ ಆಯಿತು ಎಂದೆ. ಇಲ್ಲವೇ 24ಸಿ02 ಎಂಬ ಪುಟಾಣಿ ಈಪ್ರಾಮ್ ಹಾಕೋಣ. ಫ್ಲ್ಯಾಶ್ ಬಾಳುವ ಖಾತರಿ ಹತ್ತು ಸಾವಿರ ಅಳಿಸುವಿಕೆ. ದಿನಕ್ಕೆ ಇನ್ನೂರು ಸಲ ಅಳಿಸಿದರೆ ಐವತ್ತೇ ದಿನ. ಈಪ್ರಾಮಿಗಾದರೆ ಹತ್ತು ಲಕ್ಷ ಸಲದ ಆಯುಸ್ಸು, ಬೆಲೆ ಕೆಲವೇ ರೂಪಾಯಿ. ಕೆಲವೇ ರೂಪಾಯಿ ಎಂಬ ಮಾತು ಕೇಳಿ ರಾಯರ ಮುಖ ಬಾಡಿತು. ಸಾಹೇಬರು ಮಾತ್ರ ನನ್ನ ಇಡೀ ವಿವರಣೆಯಿಂದ ಒಂದೇ ಒಂದು ಸಂಗತಿಯನ್ನು ಹೆಕ್ಕಿಕೊಂಡರು.

‘ಅಂದ್ರೆ ಕನ್ನಡ ಸೇರಿಸಿದ ಮೇಲೆ ತಾನೆ ತೊಂದರೆ ಶುರುವಾದದ್ದು? ತೆಗೀರಿ ಕನ್ನಡ.’

ತೆಗೆದೆವು. ಪ್ರೋಗ್ರಾಂ 110ಕ್ಕೆ ಇಳಿಯಿತು, ಡಬ್ಬಗಳು ಮಾಯವಾದವು. ಮಿನಿಟ್ಸ್‌ನಲ್ಲಿ ‘ಮೂಲ ಕಾರಣ: ಕನ್ನಡ ಫಾಂಟ್’ ಎಂದು ದಾಖಲಾಯಿತು. ನಾಯಿಗೆ ಬಿಸ್ಕತ್ತಿನ ಗಡುವನ್ನು ನಾಲ್ಕು ಸೆಕೆಂಡಿಗೆ ಏರಿಸಿ ಆ ಅಧ್ಯಾಯವನ್ನೂ ಮುಗಿಸಿದರು.

ಕಳೆದ ವಾರ ರಾಯರು ಹೊಸ ಜಾತಕ ತಂದಿದ್ದಾರೆ. ಎಲ್152. ಕಾಲು 64, ಫ್ಲ್ಯಾಶ್ 256 ಕೆಬಿ. ವೇಗ 32ಕ್ಕೆ ಇಳಿದಿದೆ, ‘ತೂಕ ಮಾಡೋಕೆ ಓಡಬೇಕೇನ್ರೀ’ ಎಂದು ಅದಕ್ಕೂ ಹಸಿರು ಬಳಿದಿದ್ದಾರೆ. ನಿಜ ಹೇಳಬೇಕೆಂದರೆ ವರ ಒಳ್ಳೆಯವನೇ. ಹೊಟ್ಟೆಯಲ್ಲೇ 8 ಕೆಬಿ ಈಪ್ರಾಮ್ ಇದೆ, ನಮಗೆ ಬೇಕಾದದ್ದು ಅದೇ. ಆದರೆ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಇನ್ನೊಂದಕ್ಕೂ ಇಲ್ಲ: ಈ ವಂಶದಲ್ಲಿ ಅಳಿಸಿದ ಫ್ಲ್ಯಾಶ್ ಎಲ್ಲ ಒಂದಲ್ಲ, ಎಲ್ಲ ಸೊನ್ನೆ. ನಮ್ಮ ಕೋಡಿಗೆ ಎಲ್ಲ ಒಂದಿದ್ದರೆ ಮಾತ್ರ ಖಾಲಿ. ಸೊನ್ನೆ ಕಂಡರೆ ಅದು ಜಾಗ ಭರ್ತಿ ಎಂದು ಕೈಮುಗಿಯುತ್ತದೆ. ಬಯಲು ಯಾವುದು ಎಂದು ಅಲ್ಲಮನನ್ನೇ ಕರೆಸಿ ಕೇಳಬೇಕು.

‘ಸಾರ್, ಇದರಲ್ಲಿ ಒಂದು ಪೇಜ್ ಅಂದ್ರೆ ಬರೀ 256 ಬೈಟು, ಕೋಡನ್ನು...’ ಎಂದು ಶುರು ಮಾಡಿದೆ.

ರಾಯರ ಮುಖ ಅರಳಿತು. ‘ಪೇಜೂ 256ಏ? ಮೊದಲೇ ಹೇಳಬಾರದೇನ್ರೀ?’ ಎಂದವರೇ ಹಾಳೆಯಲ್ಲಿ ಹೊಸ ಸಾಲು ಸೇರಿಸಿ ಹಸಿರು ಬಳಿದರು.