ಸಫಾರಿಗೆ ಬರುವ ಅತಿಥಿಗಳಿಗೆ, ಅಂತರಸಂತೆಯಿಂದ

ಅತಿಥಿ ಮಹಾಶಯರೇ,

ನಸುಕಿನಲ್ಲಿ ನಿಮ್ಮ ಜೀಪುಗಳು ದಮ್ಮನಕಟ್ಟೆ ಸಫಾರಿ ಗೇಟಿನ ಕಡೆಗೆ ಓಡುವ ಹೊತ್ತಿಗೆ ನಮ್ಮೂರ ರಸ್ತೆಯಲ್ಲಿ ಬೇರೆ ಜೀಪುಗಳೂ ಎದುರಾಗುತ್ತವೆ. ಅವುಗಳಲ್ಲಿ ಒತ್ತಿಕೊಂಡು ನಿಂತವರು ಹಾಡಿಗಳೆಂಬ ಬುಡಕಟ್ಟು ಊರುಗಳ ಜೇನುಕುರುಬರು, ಎರವರು. ಕೊಡಗಿನ ಕಾಫಿ ತೋಟಕ್ಕೋ ಯಾರದೋ ಶುಂಠಿ ಹೊಲಕ್ಕೋ ಕೂಲಿಗೆ ಹೊರಟಿರುತ್ತಾರೆ. ನೀವು ಕಾಡಿನ ಕಡೆಗೆ, ಅವರು ಕಾಡಿನಿಂದ ದೂರಕ್ಕೆ. ಇಷ್ಟು ಅಚ್ಚುಕಟ್ಟಾದ ಸಂಚಾರ ವ್ಯವಸ್ಥೆ ಮೈಸೂರು ನಗರದಲ್ಲೂ ಇಲ್ಲ. ಅದಕ್ಕಾಗಿ ಅಭಿನಂದಿಸಲು ಈ ಪತ್ರ.

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ಹಸಿರು ಹುಲ್ಲಿಗೆಂದು ಆನೆಗಳ ಹಿಂಡೇ ಸೇರುತ್ತದೆ. ಅದರ ಫೋಟೋಗಳನ್ನು ನಾವೂ ನೋಡಿದ್ದೇವೆ, ಚೆನ್ನಾಗಿವೆ. ಆ ಹುಲ್ಲು ಚಿಗುರುವುದು 1974ರಲ್ಲಿ ಮುಗಿದ ಅಣೆಕಟ್ಟಿನ ನೀರಿಗೆ ಸಿಕ್ಕಿದ ಊರು, ಕಾಡುಗಳ ನೆಲದ ಮೇಲೆ. ಅದಕ್ಕೂ ಮೊದಲು ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು, ಕೊನೆಯದು 1971ರಲ್ಲಿ. ಆನೆಯ ಜಾಡು ಹಿಡಿಯಲು ಜೇನುಕುರುಬರೇ ಬೇಕಿತ್ತು. ದಸರೆಗೆ ಗಜಪಯಣ ಹೊರಟರೆ ಮಾವುತ, ಕಾವಾಡಿಗಳಾಗಿ ಇವತ್ತಿಗೂ ಅವರೇ ಬೇಕು. ಆನೆಯ ಮೇಲೆ ಕೂತರೆ ನಾಡಹಬ್ಬ, ಆನೆ ಓಡಾಡುವಲ್ಲಿ ಗುಡಿಸಲು ಹಾಕಿದರೆ ಒತ್ತುವರಿ. ವ್ಯತ್ಯಾಸ ಸೂಕ್ಷ್ಮವಾದದ್ದು, ಗೇಟಿನಲ್ಲಿ ಕೇಳಿದರೆ ವಿವರಿಸುತ್ತಾರೆ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಹಾಡಿಯವರು ಉದ್ಯಾನದೊಳಕ್ಕೆ ನುಗ್ಗಿದ್ದಲ್ಲ, ಉದ್ಯಾನವೇ ಬಂದು ಅವರ ಮೇಲೆ ಕೂತದ್ದು. ಹೈಕೋರ್ಟು ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ ಹಾಡಿ ಹಾಡಿ ಸುತ್ತಿ ಹೊರಬಿದ್ದವರನ್ನು ಲೆಕ್ಕ ಹಾಕಿತು: 3,418 ಕುಟುಂಬ. ವರದಿ ಬಂದದ್ದು 2014ರಲ್ಲಿ. ಹುಲಿಗಣತಿ ಮಾತ್ರ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ.

ನಿಮಗೆ ಈ ಹಾಡಿಯವರು ಮಾಡಿದ ಒಂದು ಅನ್ಯಾಯವನ್ನೂ ನೆನಪಿಸಬೇಕು. ಮೂರ್ಕಲ್ಲಿನಲ್ಲಿ, ಉದ್ಯಾನದ ಹೊಟ್ಟೆಯೊಳಗೇ, ತಾಜ್ ಬಳಗದ ಗೇಟ್‌ವೇ ಹೋಟೆಲ್ಸ್ ಕಂಪನಿಗೆ ರೆಸಾರ್ಟಿಗೆಂದು ಜಾಗ ಕೊಡಲಾಗಿತ್ತು. ಹಾಡಿಯವರು ಎಳ್ಳಷ್ಟು ಅತಿಥಿ ಸತ್ಕಾರವಿಲ್ಲದೆ 1996ರಲ್ಲಿ ಬೀದಿಗಿಳಿದರು. ಅದೂ ಸಾಲದೆ ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯ ಹೆಸರಿನಲ್ಲಿ ಕೋರ್ಟು ಹತ್ತಿ, ತಮ್ಮನ್ನು ಓಡಿಸಲು ಬಳಕೆಯಾಗುತ್ತಿದ್ದ ಅರಣ್ಯ ಕಾನೂನನ್ನೇ ಹೋಟೆಲಿನ ಮೇಲೆ ತಿರುಗಿಸಿದರು. 1997ರ ಜನವರಿಯಲ್ಲಿ ಹೈಕೋರ್ಟು ಹೋಟೆಲಿನ ವಿರುದ್ಧ ತೀರ್ಪಿತ್ತಿತು. ಕಾಡು ಉಳಿಸಲು ಬೇಲಿ ಬೇಕೆನ್ನುವವರು ಆ ಗೆಲುವನ್ನು ಯಾವ ಖಾತೆಗೆ ಬರೆದುಕೊಂಡರೋ ನಾನರಿಯೆ. ನಿಮ್ಮ ಕೋಣೆಗಳು ಗಡಿಯಾಚೆ, ಹಿನ್ನೀರ ದಂಡೆಗೆ ಬಂದು ನಿಂತವು. ಅಲ್ಲಿಂದ ನೋಟವೂ ಚೆನ್ನಾಗಿದೆ.

ನಿಮ್ಮಲ್ಲಿ ಅಮೆರಿಕದಿಂದ ಬರುವವರೂ ಇದ್ದೀರಿ. ನಿಮಗೆ ನಿಮ್ಮೂರಿನದೇ ಕಥೆ. 1848ರ ಒಪ್ಪಂದದಲ್ಲಿ ಮೆಕ್ಸಿಕೋದ ಅರ್ಧದಷ್ಟು ನೆಲ ನಿಮ್ಮ ದೇಶಕ್ಕೆ ಸೇರಿತು, ಅಲ್ಲಿದ್ದವರ ಆಸ್ತಿಯನ್ನು ಕಾಯುವುದಾಗಿ ಮಾತೂ ಕೊಟ್ಟಾಯಿತು. ಆಮೇಲೆ ನ್ಯೂ ಮೆಕ್ಸಿಕೋದ ಹಳ್ಳಿಗಳ ಗೋಮಾಳಗಳು ಒಂದೊಂದಾಗಿ ಕೈತಪ್ಪಿ ಸರ್ಕಾರಿ ಅರಣ್ಯವಾದವು. 1966ರ ಅಕ್ಟೋಬರಿನಲ್ಲಿ ರೆಯೆಸ್ ಲೋಪೆಸ್ ತಿಹೆರಿನಾ ಎಂಬವರ ಸಂಘಟನೆ ಕಾರ್ಸನ್ ರಾಷ್ಟ್ರೀಯ ಅರಣ್ಯದೊಳಗೆ ಡೇರೆ ಹಾಕಿತು. ತಡೆಯಲು ಬಂದ ಇಬ್ಬರು ರೇಂಜರುಗಳನ್ನು ಹಿಡಿದು, ಅಲ್ಲೇ ವಿಚಾರಣೆ ನಡೆಸಿ, ಪರರ ನೆಲಕ್ಕೆ ನುಗ್ಗಿದ ತಪ್ಪಿಗೆ ಅಪರಾಧಿಗಳೆಂದು ಸಾರಿ, ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟಿತು! ದೊಡ್ಡ ಮನಸ್ಸು ಒಂದು ಕಡೆಯದೇ ಆಯಿತು, ತಿಹೆರಿನಾಗೆ ಆಮೇಲೆ ಜೈಲಾಯಿತು. ಅಲ್ಲಿನ ಮೆಕ್ಸಿಕನ್ ಮೂಲದವರ ಚಿಕಾನೋ ಚಳವಳಿಯೆಂದರೆ ಹೊಲದ ಕೂಲಿಗಳಿಗಾಗಿ ನಡೆದ ಸೀಸರ್ ಚಾವೆಸ್‌ರ ದ್ರಾಕ್ಷಿ ಬಹಿಷ್ಕಾರ ಎಲ್ಲರಿಗೂ ಗೊತ್ತು. ಕೂಲಿ ಜೀಪು ನೋಡುವ ನಮಗೆ ಅದೂ ಅರ್ಥವಾಗುತ್ತದೆ. ಆದರೆ ರೇಂಜರನ್ನೇ ಕಟಕಟೆಗೆ ನಿಲ್ಲಿಸಿದ ಸುದ್ದಿಯನ್ನು ನಮ್ಮ ಹಾಡಿಗಳಲ್ಲಿ ದಯವಿಟ್ಟು ಹೇಳಬೇಡಿ.

ನಮ್ಮವರು ಸಾಧು ಜನ. 2025ರ ಮೇ ತಿಂಗಳಲ್ಲಿ ಕೊಡಗಿನ ಕಡೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ಮರಳಿ ಹೋಗಿ, ಹಿರಿಯರಿದ್ದ ಜಾಗದಲ್ಲಿ ಗುಡಿಸಲು ಹಾಕಿದವು. ಯಾರನ್ನೂ ಹಿಡಿಯಲಿಲ್ಲ, 2006ರ ಅರಣ್ಯ ಹಕ್ಕು ಕಾಯ್ದೆಯನ್ನಷ್ಟೇ ಹಿಡಿದುಕೊಂಡಿದ್ದರು. ಜೂನಿನಲ್ಲಿ ಇಲಾಖೆ ಬಂದು ಗುಡಿಸಲು ಕಿತ್ತಿತು. ಅದೇ ವರ್ಷ ನವೆಂಬರಿನಲ್ಲಿ ಸರಗೂರು ಕಡೆ ಹುಲಿ ಬಾಯಿಗೆ ರೈತರು ಸಿಕ್ಕ ಮೇಲೆ ಸರ್ಕಾರ ಸಫಾರಿಯನ್ನು ನಿಲ್ಲಿಸಿತು. ಆಗ ಪಾಪ, ನೀವೂ ಒಕ್ಕಲೆದ್ದಿರಿ. ಬುಕ್ಕಿಂಗ್ ಹಣ ವಾಪಸ್ ಬಂದಿತೇ?

ಕೊನೆಯದಾಗಿ ಒಂದು ಉಪಕಾರದ ಮಾತು. ನಿಮ್ಮ ಸಫಾರಿ ಟಿಕೆಟ್ಟನ್ನು ಎಸೆಯಬೇಡಿ. ಇಂಥ ದಿನ ಕಾಡಿನೊಳಗಿದ್ದಿರಿ ಎನ್ನುವುದಕ್ಕೆ ಅದು ಪಕ್ಕಾ ದಾಖಲೆ. ಹಾಡಿಯವರ ಬಳಿ ಅಂಥದ್ದೇನಿಲ್ಲ, ಸಮಾಧಿಗಳಿವೆ, ದೇವರ ಬನಗಳಿವೆ, ಮುದುಕರ ನೆನಪಿದೆ. ಅರಣ್ಯ ಹಕ್ಕು ಕಾಯ್ದೆಯ ನಿಯಮ ಅವನ್ನೂ ಪುರಾವೆಯೆಂದು ಒಪ್ಪುತ್ತದೆ, ಆದರೆ ಸಮಾಧಿಯ ಮೇಲೆ ಸೀಲು ಇರುವುದಿಲ್ಲವಲ್ಲ. ಹಕ್ಕು ಸಿಗಲು 2005ರ ಡಿಸೆಂಬರ್ 13ಕ್ಕೂ ಮೊದಲೇ ಕಾಡಿನಲ್ಲಿದ್ದೆವೆಂದು ತೋರಿಸಬೇಕು. ನಿಮ್ಮ ಟಿಕೆಟ್ಟು ಆ ದಿನಕ್ಕಿಂತ ಹಿಂದಿನದಾದರೆ ಲ್ಯಾಮಿನೇಟ್ ಮಾಡಿಸಿಡಿ. ಎಚ್.ಡಿ. ಕೋಟೆಯಲ್ಲಿ ಜೆರಾಕ್ಸ್ ಅಂಗಡಿಗಳಿವೆ.

ಇಂತಿ,
ಅಂತರಸಂತೆಯ ರಸ್ತೆ ಬದಿಯವನು