ಖಾಲಿ ಕುಂಡಗಳ ಸಂತಾನ

ಬೆಂಗಳೂರಿನ ತಾರಸಿ ತೋಟಗಳಲ್ಲಿ ಗಿಡಗಳಿಗಿಂತ ಹುಲುಸಾಗಿ ವೃದ್ಧಿಸುವುದು ಖಾಲಿ ಕುಂಡಗಳೇ ಆಗಿದ್ದು, ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನಗಳ ತರುವಾಯ ಈ ಸಂತಾನ ಮತ್ತಷ್ಟು ಬೆಳೆಯುತ್ತದೆ. ಏಕೆಂದರೆ ಕೊಂಡು ತಂದ ಸೇವಂತಿಗೆ ಒಣಗಿ ಹೋದರೂ ಅದರ ಕುಂಡವನ್ನು ಎಸೆಯಲು ಗೃಹಸ್ಥರಿಗೆ ಮನಸ್ಸು ಬಾರದು.

ಒಂದರೊಳಗೊಂದು ಸೇರಿಸಿಟ್ಟ ಪ್ಲಾಸ್ಟಿಕ್ ಕುಂಡಗಳು ಕಚ್ಚಿಕೊಂಡು ಕೂರುವುದರಿಂದ, ಪತಿ ಮೇಲಿನದನ್ನೂ ಪತ್ನಿ ಕೆಳಗಿನದನ್ನೂ ಹಿಡಿದೆಳೆಯುವ ದಾಂಪತ್ಯಪರೀಕ್ಷೆ ಅನಿವಾರ್ಯವಾಗುತ್ತದೆ. ನಡುವೆ ಹಳೆಯ ಪತ್ರಿಕೆಯ ಹಾಳೆಯೊಂದನ್ನಿಟ್ಟರೆ ಇದು ತಪ್ಪುತ್ತದಾದರೂ ಅಂಥ ದೂರದೃಷ್ಟಿಯುಳ್ಳವರು ವಿರಳ. ಬಿಸಿಲಿನ ನೇರಳಾತೀತ ಕಿರಣಗಳು, ಅಂದರೆ ಕಣ್ಣಿಗೆ ಕಾಣದೆಯೇ ಕೆಲಸ ಕೆಡಿಸುವ ಕಿರಣಗಳು, ಪ್ಲಾಸ್ಟಿಕ್ಕನ್ನು ಹಪ್ಪಳದಂತೆ ಪುಡಿಯಾಗುವ ಸ್ಥಿತಿಗೆ ತರುವುದರಿಂದ ಅದಕ್ಕೆ ನೆರಳು ಬೇಕು. ಮಣ್ಣಿನ ಕುಂಡವಾದರೋ ಸರಂಧ್ರ, ಎಂದರೆ ನೀರು ಜಿನುಗುವಷ್ಟು ಸೂಕ್ಷ್ಮ ತೂತುಗಳುಳ್ಳದ್ದಾದ್ದರಿಂದ, ಗೊಬ್ಬರದ ಲವಣಗಳನ್ನು ಬಿಳಿಯ ಪದರವಾಗಿ ಮೈಗಂಟಿಸಿಕೊಂಡಿರುತ್ತದೆ. ಅದನ್ನು ಉಜ್ಜಿ ತೊಳೆದು ಒಣಗಿಸಿಯೇ ಇಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ತಳದಲ್ಲಿ ತೂತಿಲ್ಲದ ಕುಂಡಗಳನ್ನೂ ಅಡಿತಟ್ಟೆಗಳನ್ನೂ ಬೋರಲು ಹಾಕತಕ್ಕದ್ದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಒಣಗಿದ ಪಾತ್ರೆಯ ಒಳಗೋಡೆಗಂಟಿ ತಿಂಗಳುಗಟ್ಟಲೆ ಕಾದು, ನೀರು ನಿಂತೊಡನೆ ಮರಿಯಾಗುತ್ತವೆ. ಮನೆಯ ಮಂದಿ ನೀರಿನ ಟ್ಯಾಂಕಿನ ಹಿಂದೆ ಮರೆತಿಟ್ಟ ಕುಂಡವನ್ನು ಸೊಳ್ಳೆ ಮಾತ್ರ ಎಂದೂ ಮರೆಯದು.