ಸ್ಪರ್ಧೆ ಕಾಯುವ ಕುರ್ಚಿಗೊಂದು ಅರ್ಜಿ

ಭಾರತೀಯ ಸ್ಪರ್ಧಾ ಆಯೋಗಕ್ಕೆ ಅಧ್ಯಕ್ಷರನ್ನೂ ಸದಸ್ಯರನ್ನೂ ಆರಿಸಿಕೊಡುವ ಸಮಿತಿಯ ಮಾನ್ಯರಿಗೆ, ತಿ. ನರಸೀಪುರ ತಾಲ್ಲೂಕಿನ ಸೋಸಲೆಯಿಂದ.

ಮೊದಲು ಅಭಿನಂದನೆ ಸ್ವೀಕರಿಸಿ. 2002ರ ಸ್ಪರ್ಧಾ ಕಾಯ್ದೆಗೆ ಹಲ್ಲು ಮೂಡಿದ್ದು 2009ರ ಮೇ ತಿಂಗಳಲ್ಲಿ. ಅಲ್ಲಿಂದೀಚೆಗೆ ಹಂಗಾಮಿ ಅಧ್ಯಕ್ಷರನ್ನು ಬಿಟ್ಟರೆ ಧನೇಂದ್ರ ಕುಮಾರ್, ಅಶೋಕ್ ಚಾವ್ಲಾ, ದೇವೇಂದರ್ ಕುಮಾರ್ ಸಿಕ್ರಿ, ಅಶೋಕ್ ಕುಮಾರ್ ಗುಪ್ತಾ, 2023ರಲ್ಲಿ ರವನೀತ್ ಕೌರ್ ಅಧ್ಯಕ್ಷರಾದರು. ಐವರಿಗೆ ಐವರೂ ಐಎಎಸ್. ಯಾವುದಾದರೂ ಸಿಮೆಂಟ್ ಕಂಪನಿ ಹೀಗೆ ನೂರಕ್ಕೆ ನೂರು ಪೇಟೆ ಹಿಡಿದಿದ್ದರೆ ನಿಮ್ಮ ಆಯೋಗದ ನೋಟಿಸು ಅದರ ಬಾಗಿಲಿಗೆ ಯಾವಾಗಲೋ ಬಂದಿರುತ್ತಿತ್ತು. ಆದರೆ 4ನೇ ಕಲಂ ನ್ಯಾಯವಾದ ಮಾತನ್ನೇ ಹೇಳುತ್ತದೆ: ಪ್ರಾಬಲ್ಯ ತಪ್ಪಲ್ಲ, ಅದರ ದುರ್ಬಳಕೆ ತಪ್ಪು. ದುರ್ಬಳಕೆಯ ಆರೋಪ ಇಲ್ಲಿ ಯಾರ ಮೇಲೂ ಇಲ್ಲ. ಹಾಗಾಗಿ ಇದು ದೂರಲ್ಲ, ಅರ್ಜಿ.

ಕಾಯ್ದೆಯ 8ನೇ ಕಲಂ ಹದಿನೈದು ವರ್ಷಕ್ಕೆ ಕಡಿಮೆಯಿಲ್ಲದ ವೃತ್ತಿ ಅನುಭವ ಕೇಳುತ್ತದೆ. ಅಂತರರಾಷ್ಟ್ರೀಯ ವ್ಯಾಪಾರ, ಅರ್ಥಶಾಸ್ತ್ರ, ವಾಣಿಜ್ಯ, ಕಾನೂನು, ಹಣಕಾಸು, ಲೆಕ್ಕಶಾಸ್ತ್ರ, ಆಡಳಿತ ನಿರ್ವಹಣೆ, ಕೈಗಾರಿಕೆ, ಸಾರ್ವಜನಿಕ ವ್ಯವಹಾರ ಎಂದು ಪಟ್ಟಿ ಉದ್ದವಾಗಿದೆ. 2023ರ ತಿದ್ದುಪಡಿ ಅದಕ್ಕೆ ತಂತ್ರಜ್ಞಾನವನ್ನೂ ಸೇರಿಸಿತು. ಕೃಷಿ ಎಂಬ ಪದ ಮಾತ್ರ ಇಲ್ಲ. ಸರ್ಕಾರಕ್ಕೆ ಉಪಯುಕ್ತವೆಂದು ತೋರಿದ 'ಇತರ ವಿಷಯ'ದ ಸಂದಿಯಲ್ಲಿ ಅದು ನುಸುಳಬೇಕು. ನುಸುಳುವ ಅಗತ್ಯವಿಲ್ಲ ಎಂಬುದೇ ನನ್ನ ವಾದ. ಕಪಿಲೆ-ಕಾವೇರಿ ಸೇರುವ ಈ ಸೀಮೆಯಲ್ಲಿ ಹದಿನೈದು ವರ್ಷ ಕಬ್ಬು ಬೆಳೆದವರ ಅನುಭವವನ್ನು ನಿಮ್ಮ ಪಟ್ಟಿಯ ಪಕ್ಕ ಇಟ್ಟು ನೋಡಿ. ದೆಹಲಿ ಸಕ್ಕರೆ ರಫ್ತಿಗೆ ತಡೆ ಹಾಕಿದರೆ ಅದರ ಬಿಸಿ ಗದ್ದೆಗೆ ತಟ್ಟುತ್ತದೆ, ಅದು ಅಂತರರಾಷ್ಟ್ರೀಯ ವ್ಯಾಪಾರ. ಬಿಲ್ಲು ಬರುವವರೆಗೆ ಸೊಸೈಟಿ ಸಾಲ, ಒಡವೆ ಸಾಲ ಎರಡನ್ನೂ ತೂಗಿಸುವುದು ಹಣಕಾಸು. ಟನ್ನಿನ ದರದಲ್ಲಿ ಕಟಾವು, ಸಾಗಾಣಿಕೆಯ ಕೂಲಿ ಕಳೆದು ಉಳಿದದ್ದು ಸರಿಯೇ ಎಂದು ತಾಳೆ ನೋಡುವುದು ಲೆಕ್ಕಶಾಸ್ತ್ರ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಹದಿನಾಲ್ಕು ದಿನದೊಳಗೆ ಹಣ, ತಡವಾದರೆ ಶೇ. 15 ಬಡ್ಡಿ ಎಂದು ಬಾಯಿಪಾಠ ಹೇಳುವುದು ಕಾನೂನು. ಅದನ್ನೇ ಕೇಳಲು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುವುದು ಸಾರ್ವಜನಿಕ ವ್ಯವಹಾರವಲ್ಲದೆ ಇನ್ನೇನು?

ಇದು ತಮಾಷೆಗೆ ಹೊಂದಿಸಿದ ಪಟ್ಟಿ ಎನ್ನಬೇಡಿ. ಪಠ್ಯಪುಸ್ತಕ ಹೇಳುವ ಪೇಟೆಯಲ್ಲಿ ಕೊಳ್ಳುವವರು ಹಲವರು. ಕಬ್ಬಿನ ಪೇಟೆಯಲ್ಲಿ ಹಾಗಿಲ್ಲ. ಅದೇ ಕಬ್ಬು ನಿಯಂತ್ರಣ ಆದೇಶದಡಿ ಇಂತಿಂಥ ಊರಿನ ಕಬ್ಬು ಇಂಥ ಕಾರ್ಖಾನೆಗೆ ಎಂದು ಪ್ರದೇಶ ಮೀಸಲಿಡಬಹುದು. 2006ರ ತಿದ್ದುಪಡಿಯ ಪ್ರಕಾರ ಒಂದು ಕಾರ್ಖಾನೆಯಿಂದ 15 ಕಿಲೋಮೀಟರಿನೊಳಗೆ ಇನ್ನೊಂದು ಏಳುವಂತಿಲ್ಲ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ದೂರದ ಊರಿಗೆ ಒಯ್ದು ಚೌಕಾಸಿ ಮಾಡುವ ಪುರುಸೊತ್ತು ಬೆಳೆಗೇ ಇಲ್ಲ. 2025-26ರ ಸಾಲಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಆ ಇಳುವರಿ ಎಷ್ಟೆಂದು ತಿಳಿಯುವುದು ಕೊಳ್ಳುವವರ ಕಾರ್ಖಾನೆಯೊಳಗೆ. ಒಬ್ಬನೇ ಕೊಳ್ಳುವವನಿರುವ ಪೇಟೆ ಎಂದರೇನು ಎಂಬುದನ್ನು ಅರ್ಥಶಾಸ್ತ್ರಜ್ಞರು ರೇಖಾಚಿತ್ರದಲ್ಲಿ ಕಲಿಯುತ್ತಾರೆ. ಇಲ್ಲಿ ರೈತರು ಅದನ್ನು ಕಾರ್ಖಾನೆಯ ಕಟಿಂಗ್ ಆರ್ಡರಿಗೆ ಕಾಯುತ್ತಾ ಕಲಿಯುತ್ತಾರೆ. ಎಥನಾಲ್ ಟೆಂಡರಿನಲ್ಲಿ ಒಳಗೊಳಗೇ ಮಾತಾಡಿಕೊಂಡು ದರ ಬರೆದವೆಂದು ಆಯೋಗ 2018ರಲ್ಲಿ ಹದಿನೆಂಟು ಸಕ್ಕರೆ ಕಾರ್ಖಾನೆಗಳಿಗೂ ಎರಡು ಸಂಘಗಳಿಗೂ ದಂಡ ಹಾಕಿತ್ತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದು ಮಾಡಿ ವಾಪಸು ಕಳಿಸಿತು. ಆ ದೂರು ಕಂಪನಿಗಳದ್ದು. ಕಾರ್ಖಾನೆಯ ಮಾರುವ ಬಾಗಿಲಿನ ವಿಚಾರ ದೆಹಲಿಗೆ ಹೀಗೆ ಮುಟ್ಟುತ್ತದೆ. ಕೊಳ್ಳುವ ಬಾಗಿಲಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತಿರುತ್ತದೆ.

ರೈತ ಬಂದರೆ ಹಿತಾಸಕ್ತಿ ಬರುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದು, ಒಪ್ಪುತ್ತೇನೆ. ಆದರೆ ಅದು ಯಾರಿಗಿಲ್ಲ? ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರಕ್ಕೆ 2025ರಲ್ಲಿ ಹಂಗಾಮಿ ಅಧ್ಯಕ್ಷರಾಗಿ ಬಂದವರು ಅಮೆಜಾನಿನ ಬ್ರಿಟನ್ ವಿಭಾಗ ನಡೆಸಿದ್ದ ಡಗ್ ಗರ್. ದೊಡ್ಡ ಕಂಪನಿಗಳಿಗೆ ಸಲಹೆ ಕೊಟ್ಟಿದ್ದ ಅರ್ಥಶಾಸ್ತ್ರಜ್ಞೆ ಫಿಯೋನಾ ಸ್ಕಾಟ್ ಮಾರ್ಟನ್ ಯೂರೋಪಿನ ಸ್ಪರ್ಧಾ ವಿಭಾಗದಲ್ಲಿ ತಮ್ಮನ್ನು ಆರಿಸಿದ್ದ ಹುದ್ದೆಯಿಂದ 2023ರಲ್ಲಿ ತಾವೇ ಹಿಂದೆ ಸರಿಯಬೇಕಾಯಿತು. ಕಬ್ಬಿನ ಪ್ರಕರಣ ಬಂದ ದಿನ ಕಬ್ಬಿನವರು ಎದ್ದು ಹೊರಗೆ ಕೂತರಾಯಿತು. ಮಿಕ್ಕ ದಿನ ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಪ್ರಕರಣಗಳಿವೆಯಲ್ಲ. ಕರ್ನಾಟಕ ಕೃಷಿ ಬೆಲೆ ಆಯೋಗಕ್ಕೆ ಪ್ರಾಧ್ಯಾಪಕ ಪ್ರಕಾಶ್ ಕಮ್ಮರಡಿ, ರೈತ ಹನುಮನಗೌಡ ಬೆಳಗುರ್ಕಿ, ಐಎಎಸ್‌ನಿಂದ ಬಂದ ಅಶೋಕ್ ದಳವಾಯಿ, ಮೂರೂ ಬಗೆಯವರು ಅಧ್ಯಕ್ಷರಾದರು, ಏನು ಬದಲಾಯಿತು ಎಂದು ಕೇಳಬಹುದು. ಅದು ಕೊಡುವುದು ಶಿಫಾರಸು ಮಾತ್ರ. ನಿಮ್ಮದು ದಂಡ ಹಾಕಬಲ್ಲ ಆಯೋಗ. ಅಲ್ಲಿ ಏನೂ ಬದಲಾಗದಿದ್ದರೆ ಕಾರಣ ಕುರ್ಚಿ, ಕೂತವರಲ್ಲ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗದಲ್ಲಾದರೂ ರೈತ ಪ್ರತಿನಿಧಿಗಳಿಗೆಂದು ಎರಡು ಸ್ಥಾನ ಇಟ್ಟಿದ್ದಾರೆ. ಬೆಲೆ ಹೇಳಲು ಬೇಕಾದ ರೈತರು ಪೇಟೆಯ ವಿಚಾರಕ್ಕೆ ಬೇಡವಾದದ್ದು ಹೇಗೆ?

ಸೋಸಲೆಯನ್ನು ದೂರದವರು ಬಲ್ಲದ್ದು ವ್ಯಾಸರಾಜ ಮಠದಿಂದ. ನ್ಯಾಯಾಮೃತ, ತರ್ಕತಾಂಡವ ಬರೆದ ವ್ಯಾಸತೀರ್ಥರ ಪರಂಪರೆ ಅದು. ಆ ವಾದಪದ್ಧತಿಯಲ್ಲಿ ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಪೂರ್ತಿ ಹೇಳದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ. ನಿಮ್ಮಲ್ಲಿ ಸಿದ್ಧಾಂತಿಗಳಿಗೆ ಬರವಿಲ್ಲ, ಪೂರ್ವಪಕ್ಷ ಹೇಳುವವರದ್ದೇ ಕೊರತೆ.

ಲಗತ್ತು: ಹದಿನೈದು ಹಂಗಾಮಿನ ತೂಕದ ಚೀಟಿ, ಬಿಲ್ಲು. 'ವೃತ್ತಿ' ಎಂಬಲ್ಲಿ ಏನು ಬರೆಯಬೇಕೆಂಬುದನ್ನು ಮರುಟಪಾಲಿನಲ್ಲಿ ತಿಳಿಸಿ.